ಪೋಸ್ಟರಿನ ಒಂದು ಸಾಲು: ಮಹಾವ್ಯಾಧದ ಹೈಡ್ರೋಜನ್ ಪ್ರಕರಣ

ಪ್ರಕರಣ ಸಣ್ಣದು. ಒಂದು ಪೋಸ್ಟರು, ಅದರಲ್ಲಿ ಎರಡು ಚಿತ್ರ, ಎರಡರ ಕೆಳಗೂ ಸೇರಿ ಒಂದೇ ಸಾಲು. ಆ ಸಾಲು ತಪ್ಪಾಗಿತ್ತು. ಅದನ್ನು ಸರಿ ಮಾಡಲು ನಮಗೆ ಮೂರು ರಾತ್ರಿ ಬೇಕಾಯಿತು.

ಪೋಸ್ಟರು ನನ್ನ ಅಕ್ಕನ ಮಗಳದ್ದು. ಮನೆ ಶಿರಸಿ ಹತ್ತಿರದ ಒಂದು ಹಳ್ಳಿ, ಓದುವುದು ಕಾರವಾರದಲ್ಲಿ, ಬಿ.ಎಸ್ಸಿ. ಕೊನೆಯ ವರ್ಷ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಅವಳು ಮಹಾವ್ಯಾಧ (ಓರಿಯನ್) ನೀಹಾರಿಕೆಯನ್ನು, ಅಂದರೆ ಹೊಳೆಯುವ ಅನಿಲದ ಮೋಡವನ್ನು, ಆರಿಸಿಕೊಂಡಿದ್ದಳು. ಎಡಗಡೆ ನಾವೆಲ್ಲ ನೋಡಿರುವ ಗುಲಾಬಿ ಬಣ್ಣದ ಚಿತ್ರ. ಬಲಗಡೆ ಅದೇ ಜಾಗದ ಅವಕೆಂಪು (ಇನ್ಫ್ರಾರೆಡ್) ಚಿತ್ರ. ಅದರಲ್ಲಿ ಕೆಂಪು ಗೀರುಗಳು, ಕೈಬೆರಳುಗಳನ್ನು ಅಗಲಿಸಿ ಹಿಡಿದ ಹಾಗೆ. ಕೆಳಗೆ ಅವಳದೇ ದುಂಡು ಅಕ್ಷರದಲ್ಲಿ: ‘ಟ್ರಪೀಜಿಯಂ ನಕ್ಷತ್ರಗಳ ಬಿಸಿಗೆ ಹೈಡ್ರೋಜನ್ ಹೊತ್ತಿಕೊಂಡು ಉರಿಯುತ್ತಾ ಸುತ್ತಲೂ ಹಿಗ್ಗುತ್ತಿದೆ.’ ಟ್ರಪೀಜಿಯಂ ಅಂದರೆ ನೀಹಾರಿಕೆಯ ನಡುವಿನ ಪ್ರಖರ ನಕ್ಷತ್ರಗಳ ಗುಂಪು.

ನೋಡಲು ಬಂದ ಪರೀಕ್ಷಕರು ಮೂರೇ ಪ್ರಶ್ನೆ ಕೇಳಿದರಂತೆ. ಉರಿಯಲು ಆಕ್ಸಿಜನ್ ಎಲ್ಲಿಂದ ಬಂತು? ಎರಡು ಚಿತ್ರದ ಕೆಂಪೂ ಒಂದೇನಾ? ಹಿಗ್ಗುವುದು ಯಾವ ಜಾಗದಿಂದ, ಎಷ್ಟು ವರ್ಷದಿಂದ? ಇವಳು ಮೂರಕ್ಕೂ ಸುಮ್ನೆ ನಿಂತಳು. ಸಂಜೆ ಪೋಸ್ಟರನ್ನು ಸುರುಳಿ ಸುತ್ತಿ ಬಸ್ ಹತ್ತಿ, ಕುಮಟಾ ದಾಟಿ ದೇವಿಮನೆ ಘಟ್ಟ ಏರಿ ಮನೆಗೆ ಬಂದಳು. ಮರುದಿನ ನನಗೆ ಫೋನು. ನಾನು ಹಿಂದೆ ಭೌತಶಾಸ್ತ್ರ ಪಾಠ ಮಾಡಿದವನು. ಮೂರೂ ಒಳ್ಳೆಯ ಪ್ರಶ್ನೆಗಳು. ನನ್ನ ಕಾಲದಲ್ಲಿ ಇಂಥ ಪರೀಕ್ಷಕರು ಸಿಕ್ಕಿದ್ದು ಕಡಿಮೆ.

ನಾನು ಹೋದಾಗ ರಾತ್ರಿ ಊಟ ಮುಗಿದಿತ್ತು. ಜನವರಿ, ಅಡಿಕೆ ಸುಲಿಯುವ ದಿನಗಳು. ಜಗಲಿಯಲ್ಲಿ ನಾಲ್ಕೈದು ಜನ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಅಂಗಳಕ್ಕೆ ಇಳಿದು ಕತ್ತೆತ್ತಿದರೆ ಮಹಾವ್ಯಾಧ ಹೆಚ್ಚು ಕಡಿಮೆ ನೆತ್ತಿಯ ಮೇಲೆ. ಒಂದೇ ಸಾಲಿನ ಮೂರು ಚುಕ್ಕಿ, ಅದರ ಕೆಳಗೆ ಖಡ್ಗ, ಖಡ್ಗದ ನಡುವೆ ಸ್ವಲ್ಪ ಮಸುಕಾಗಿ ಕಾಣುವ ಚುಕ್ಕಿ. ಅದೇ ನೀಹಾರಿಕೆ. ಸುಮಾರು 1,350 ಜ್ಯೋತಿರ್ವರ್ಷ ದೂರ. ಅಂದರೆ ಅಂಗಳದಲ್ಲಿ ನಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ನಮ್ಮ ಕಡೆ ಬಾದಾಮಿ ಚಾಲುಕ್ಯರ ಆಳ್ವಿಕೆ. ಪುಲಕೇಶಿ ಬನವಾಸಿಯನ್ನು ಗೆದ್ದು ಕೆಲವು ದಶಕ ಆಗಿತ್ತು.

ಮೊದಲ ಪ್ರಶ್ನೆ ಎರಡು ನಿಮಿಷದ್ದು. ಅಲ್ಲಿ ಏನೂ ಉರಿಯುತ್ತಿಲ್ಲ. ಒಲೆಯ ಸೌದೆ ಉರಿಯುವುದು ಆಕ್ಸಿಜನ್ ಜೊತೆ ಸೇರಿ. ನಕ್ಷತ್ರದ ಒಡಲಲ್ಲಿ ನಡೆಯುವುದು ಪರಮಾಣು ಬೀಜಗಳ ಬೆಸುಗೆ, ಅದು ಬೇರೆಯೇ ವಿಷಯ. ಮೋಡದಲ್ಲಿ ಇವೆರಡೂ ಇಲ್ಲ. ‘ಹೊತ್ತಿಕೊಂಡು ಉರಿಯುತ್ತಾ’ ಎನ್ನುವುದನ್ನು ಅವಳೇ ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದಳು.

ಎರಡು ಕೆಂಪು

“ಮಾವ, ಎರಡೂ ಹೈಡ್ರೋಜನ್ನೇ ಅಲ್ದಾ? ಮತ್ತೆಂತ ತಪ್ಪು?”

ಎರಡೂ ಹೈಡ್ರೋಜನ್ ಹೌದು. ಆದರೆ ಒಂದು ಒಂಟಿ, ಇನ್ನೊಂದು ಜೋಡಿ. ಎಡಗಡೆಯ ಚಿತ್ರದ ಕೆಂಪು ಒಂಟಿ ಪರಮಾಣುವಿನದು. ಟ್ರಪೀಜಿಯಂನ ದೊಡ್ಡ ನಕ್ಷತ್ರದ ಅತಿನೇರಳೆ ಬೆಳಕು ಪರಮಾಣುವಿನ ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಕಿತ್ತ ಎಲೆಕ್ಟ್ರಾನ್ ಮತ್ತೆ ಬಂದು ಸೇರುವಾಗ, ಮೆಟ್ಟಿಲು ಇಳಿಯುತ್ತಾ, 656 ನ್ಯಾನೋಮೀಟರ್‌ನ ಕೆಂಪು ಬೆಳಕು ಕೊಡುತ್ತದೆ. ಅದು ನಿಜವಾದ ಕೆಂಪು. ಅಲ್ಲಿನ ಅನಿಲ ಸುಮಾರು 10,000 ಡಿಗ್ರಿ ಬಿಸಿ.

ಬಲಗಡೆಯ ಕೆಂಪು ಕೆಂಪೇ ಅಲ್ಲ. ಅದು 2.12 ಮೈಕ್ರಾನ್ ಅಲೆಯುದ್ದದ ಅವಕೆಂಪು ಬೆಳಕು. ಯಾರ ಕಣ್ಣಿಗೂ ಕಾಣುವುದಿಲ್ಲ. ಚಿತ್ರ ಮಾಡಿದವರು ನಮಗೆ ಕಾಣಲಿ ಅಂತ ಅದಕ್ಕೆ ಕೆಂಪು ಬಳಿದಿದ್ದಾರೆ. ಹಸಿರು ಬಳಿದಿದ್ದರೂ ನಡೆಯುತ್ತಿತ್ತು. ಇದು ಎರಡು ಪರಮಾಣು ಜೋಡಿಯಾದ ಹೈಡ್ರೋಜನ್ ಅಣುವಿನ ಬೆಳಕು. 10,000 ಡಿಗ್ರಿಯಲ್ಲಿ ಈ ಜೋಡಿ ಉಳಿಯುವುದೇ ಇಲ್ಲ, ಬಿಡಿಬಿಡಿ ಆಗಿಬಿಡುತ್ತದೆ. ಹಾಗಾಗಿ ಎಡ ಚಿತ್ರದ ಅನಿಲ ಬೇರೆ, ಬಲ ಚಿತ್ರದ್ದು ಬೇರೆ. ಒಂದರ ಹಿಂದೆ ಒಂದು ಇವೆ, ಅಷ್ಟೇ. ನೀಹಾರಿಕೆ ಅನ್ನುವುದು ಒಂದು ದೊಡ್ಡ ತಣ್ಣನೆಯ ಮೋಡದ ಮೈಮೇಲೆ, ನಮ್ಮ ಕಡೆಯ ಮುಖದಲ್ಲಿ ಎದ್ದ ಬೊಕ್ಕೆ. ಬೆರಳುಗಳು ಇರುವುದು ಬೊಕ್ಕೆಯ ಹಿಂದೆ, ಮೋಡದ ಒಳಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಶ್ವದಲ್ಲಿ ಅತಿ ಜಾಸ್ತಿ ಇರುವ ಅಣು ಹೈಡ್ರೋಜನ್. ಆದರೆ ಅದರಷ್ಟು ಮೂಕ ಅಣು ಇನ್ನೊಂದು ಸಿಗುವುದು ಕಷ್ಟ. ಕಾರಣ ಸರಳ. ಜೋಡಿಯ ಎರಡು ಪರಮಾಣುವೂ ಒಂದೇ ಥರ. ಒಂದು ಕಡೆ ಋಣ, ಇನ್ನೊಂದು ಕಡೆ ಧನ ಅನ್ನುವ ಓರೆ ಅದರಲ್ಲಿಲ್ಲ. ಆ ಓರೆ ಇರುವ ಅಣು ತಿರುಗಿದರೆ ರೇಡಿಯೋ ಅಲೆ ಹೊರಡುತ್ತದೆ. ಇಲ್ಲದಿದ್ದರೆ ಹೊರಡುವುದು ಬಹಳ ಕ್ಷೀಣ. ಅದೂ ಅಲ್ಲದೆ ಮೋಡ ಇರುವುದು ಸೊನ್ನೆ ಡಿಗ್ರಿಗಿಂತ 250 ಡಿಗ್ರಿಗೂ ಕೆಳಗೆ, 10, 20 ಕೆಲ್ವಿನ್‌ನಲ್ಲಿ. ಹೈಡ್ರೋಜನ್ ಅಣುವನ್ನು 2.12 ಮೈಕ್ರಾನ್ ಬೆಳಕು ಕೊಡುವ ಮೆಟ್ಟಿಲಿಗೆ ಏರಿಸಲು ಸುಮಾರು 7,000 ಕೆಲ್ವಿನ್‌ಗೆ ಸಮನಾದ ಶಕ್ತಿ ಬೇಕು. ಆ ಚಳಿಯಲ್ಲಿ ಯಾರು ಏರುತ್ತಾರೆ?

ಅದಕ್ಕೇ ಖಗೋಳದವರು ತಣ್ಣನೆಯ ಮೋಡವನ್ನು ಅಳೆಯುವಾಗ ಹೈಡ್ರೋಜನ್ನನ್ನು ಬಿಟ್ಟು, ಅದರ ಜೊತೆ ಚೂರುಪಾರು ಇರುವ ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುತ್ತಾರೆ. ಅದರ ಎರಡು ತುದಿ ಒಂದೇ ಥರ ಇಲ್ಲ. 2.6 ಮಿಲಿಮೀಟರ್‌ನಲ್ಲಿ ಚೆನ್ನಾಗಿ ಮಾತಾಡುತ್ತದೆ. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆಂಜಿಯಾಸ್ ಇದನ್ನು ಮೊದಲು ಕಂಡದ್ದೂ ಇದೇ ಮಹಾವ್ಯಾಧದಲ್ಲಿ. ಅಡಿಕೆ ಮಂಡಿಯಲ್ಲಿ ಚೀಲ ಪೂರ್ತಿ ಸುರಿಯದೆ ಒಂದು ಹಿಡಿ ತೆಗೆದು ನೋಡಿ ದರ ಹೇಳುತ್ತಾರಲ್ಲ, ಹಾಗೆ.

ಹಾಗಿದ್ದರೆ 2.12 ಮೈಕ್ರಾನ್‌ನಲ್ಲಿ ಹೈಡ್ರೋಜನ್ ಹೊಳೆಯಿತು ಅಂದರೆ ಅಲ್ಲಿ ಯಾರೋ ಅದನ್ನು ಕೆಣಕಿದ್ದಾರೆ ಅಂತಲೇ ಅರ್ಥ. 1976ರಲ್ಲಿ ಮಹಾವ್ಯಾಧದಲ್ಲಿ ಈ ಗೆರೆ (ಒಂದೇ ಅಲೆಯುದ್ದದ ಬೆಳಕು) ಸಿಕ್ಕಾಗ ಅದೇ ಪ್ರಶ್ನೆ ಎದ್ದಿತು. ಕೆಣಕಿದ್ದು ಯಾರು?

ಅಟ್ಟದ ಏಣಿ

ಅವಳ ಸಾಲಿನಲ್ಲಿ ಉತ್ತರ ಬರೆದೇ ಇತ್ತು: ಟ್ರಪೀಜಿಯಂ. ಪೂರ್ತಿ ದಡ್ಡ ಉತ್ತರ ಅಲ್ಲ. ನಕ್ಷತ್ರದ ಅತಿನೇರಳೆ ಬೆಳಕು ಬಿದ್ದರೂ ಹೈಡ್ರೋಜನ್ ಅಣು ಹೊಳೆಯುತ್ತದೆ. ಅದೇ ನೀಹಾರಿಕೆಯ ಅಂಚಿನಲ್ಲಿ ‘ಬಾರ್’ ಅಂತ ಕರೆಯುವ ಒಂದು ಓರೆ ಗೋಡೆ ಇದೆ. ಅಲ್ಲಿನ ಹೈಡ್ರೋಜನ್ ಹೊಳೆಯುವುದು ಟ್ರಪೀಜಿಯಂ ಬೆಳಕಿನಿಂದಲೇ. ಅದೂ 2.12 ಮೈಕ್ರಾನ್. ಚಿತ್ರದಲ್ಲಿ ಅದಕ್ಕೂ ಅದೇ ಬಣ್ಣ. ಬರೀ ಚಿತ್ರ ನೋಡಿದರೆ ಯಾರೂ ಮೋಸ ಹೋಗಬಹುದು.

ಬೇರೆ ಮಾಡಿ ನೋಡುವ ದಾರಿ ಇದೆ. ನಮ್ಮ ಮನೆಯ ಅಟ್ಟಕ್ಕೆ ಹೋಗುವ ಏಣಿ ತೋರಿಸಿಯೇ ಅವಳಿಗೆ ಹೇಳಿದೆ. ಕಾವಿನಿಂದ ಏರಿದ ಅಣುಗಳು ಹೆಚ್ಚಾಗಿ ಕೆಳಗಿನ ಮೆಟ್ಟಿಲಲ್ಲೇ ಗುಂಪಾಗುತ್ತವೆ. ಮೇಲಿನ ಮೆಟ್ಟಿಲಿಗೆ ಹೋಗುವವು ಬೆರಳೆಣಿಕೆಯಷ್ಟು. ಆದರೆ ಅತಿನೇರಳೆ ಬೆಳಕು ಅಣುವನ್ನು ಎತ್ತಿ ಸೀದಾ ಅಟ್ಟಕ್ಕೆ ಎಸೆಯುತ್ತದೆ. ಅಲ್ಲಿಂದ ಕೆಲವು ಒಡೆದೇ ಹೋಗುತ್ತವೆ. ಉಳಿದವು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬರುತ್ತವೆ. ಹಾಗಾಗಿ ಮೇಲಿನ ಮೆಟ್ಟಿಲುಗಳಲ್ಲೂ ಜನ ಇರುತ್ತಾರೆ.

ಮೊದಲ ಮೆಟ್ಟಿಲಿನ ಗೆರೆ 2.12 ಮೈಕ್ರಾನ್‌ನದು. ಎರಡನೆಯದರ ಗೆರೆ 2.25 ಮೈಕ್ರಾನ್‌ನದು. ಎರಡನ್ನೂ ಅಳೆದು ಹೋಲಿಸಬೇಕು. ಬರೀ ಬೆಳಕಿನ ಕೆಲಸವಾದರೆ ಎರಡನೆಯದು ಮೊದಲನೆಯದರ ಅರ್ಧದಷ್ಟು ಇರುತ್ತದೆ. ಕಾವಿನ ಕೆಲಸವಾದರೆ ಹತ್ತರಲ್ಲಿ ಒಂದು ಪಾಲು. ಅನಿಲ ದಟ್ಟವಾಗಿದ್ದರೆ ಅಣುಗಳು ಒಂದಕ್ಕೊಂದು ಗುದ್ದಿ ಈ ಲೆಕ್ಕ ಸ್ವಲ್ಪ ಕಲಸುತ್ತದೆ, ಬಾರ್‌ನಲ್ಲಿ ಹಾಗೇ ಆಗಿದೆ. ಆದರೂ ಬೆರಳುಗಳ ಜಾಗದಲ್ಲಿ ಅನುಮಾನ ಇಲ್ಲ. ಅಲ್ಲಿ ಹತ್ತರಲ್ಲಿ ಒಂದರ ಆಸುಪಾಸು. ಅನಿಲ ಸುಮಾರು 2,000 ಕೆಲ್ವಿನ್‌ಗೆ ಕಾದಿದೆ. ಟ್ರಪೀಜಿಯಂ ಬೆಳಕು ಅಷ್ಟು ಆಳಕ್ಕೆ ಹೋಗುವುದೂ ಇಲ್ಲ, ಧೂಳು ನುಂಗುತ್ತದೆ. ಅಲ್ಲಿಗೆ ಟ್ರಪೀಜಿಯಂ ಹೆಸರೂ ಪೆನ್ಸಿಲ್‌ಗೆ ಬಲಿಯಾಯಿತು.

ಹಾಗಾದರೆ ಕಾವು ಎಲ್ಲಿಂದ? ಗುದ್ದಿನಿಂದ. ಅಷ್ಟು ತಣ್ಣನೆಯ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಬರೀ 0.2 ಕಿ.ಮೀ. ಸುಮಾರು. ಅದಕ್ಕಿಂತ ಜೋರಾಗಿ ಏನಾದರೂ ನುಗ್ಗಿದರೆ ಮುಂದಿನ ಅನಿಲಕ್ಕೆ ಸರಿದುಕೊಳ್ಳಲು ಹೊತ್ತೇ ಸಿಗುವುದಿಲ್ಲ. ಒತ್ತಿಕೊಂಡು, ಕಾದು, ಹೊಳೆಯುತ್ತದೆ. ಇದನ್ನು ಆಘಾತದ ಅಲೆ ಅನ್ನುತ್ತಾರೆ.

ಬೆರಳುಗಳು

ನನಗೆ ಈ ಪ್ರಕರಣದಲ್ಲಿ ಬಹಳ ಹಿಡಿಸಿದ್ದು ಇಲ್ಲಿಂದ ಮುಂದಿನ ಭಾಗ. ಎರಡನೇ ರಾತ್ರಿ ಪೂರ್ತಿ ಇದಕ್ಕೇ ಹೋಯಿತು. ಅಕ್ಕ ಎರಡು ಸಲ ಚಹಾ ಮಾಡಿದಳು.

ಒಂದು ತೊಡಕು ಹಳೆಯದು. ಗುದ್ದು ಮೆಲ್ಲಗಿದ್ದರೆ ಹೈಡ್ರೋಜನ್ ಕಾಯುವುದಿಲ್ಲ. ಜೋರಾದರೆ, ಅಂದರೆ ಸೆಕೆಂಡಿಗೆ ಕೆಲವೇ ಹತ್ತು ಕಿ.ಮೀ. ದಾಟಿದರೆ, ಜೋಡಿಯೇ ಒಡೆದು ಹೋಗುತ್ತದೆ. ಆದರೆ ಮಹಾವ್ಯಾಧದಲ್ಲಿ ಅಳೆದಾಗ ಹೈಡ್ರೋಜನ್ ಅಣು ನೂರು ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಓಡುವ ಗುರುತು ಸಿಕ್ಕಿತು. ಒಡೆದು ಹೋಗಬೇಕಾದದ್ದು ಒಡೆಯದೆ ಹೊಳೆಯುತ್ತಿದೆ. ಇದು ಹೇಗೆ?

1993ರಲ್ಲಿ ಆಲೆನ್ ಮತ್ತು ಬರ್ಟನ್ ಬೆರಳುಗಳ ಚಿತ್ರ ಬಿಡಿಸಿ ತೋರಿಸಿದರು. ಪ್ರತಿ ಬೆರಳಿನ ತುದಿಯಲ್ಲಿ ಹೈಡ್ರೋಜನ್ ಅಲ್ಲ, ಕಬ್ಬಿಣ ಹೊಳೆಯುತ್ತಿದೆ, 1.64 ಮೈಕ್ರಾನ್‌ನಲ್ಲಿ. ಹೈಡ್ರೋಜನ್ ಇರುವುದು ತುದಿಯ ಹಿಂದೆ, ಬಾಲದ ಹಾಗೆ. ಕಾಳಿ ನದಿ ಕಡಲು ಸೇರುವಲ್ಲಿ ಬೋಟು ಹೋಗುವುದನ್ನು ಸೇತುವೆ ಮೇಲೆ ನಿಂತು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮೂತಿಯಲ್ಲಿ ನೀರು ಎದುರಾಬದುರಾ ಏಟು ತಿನ್ನುತ್ತದೆ. ಪಕ್ಕದಲ್ಲಿ ಓರೆಯಾಗಿ ಸರಿಯುತ್ತದೆ, ಏಟು ಕಡಿಮೆ. ಅಲ್ಲೂ ಹಾಗೇ. ತುದಿಯಲ್ಲಿ ಗುದ್ದು ಎಷ್ಟು ಜೋರು ಅಂದರೆ ಹೈಡ್ರೋಜನ್ ಜೋಡಿಗಳು ಒಡೆಯುತ್ತವೆ, ಧೂಳಿನ ಕಣಗಳೂ ಪುಡಿಯಾಗಿ ಒಳಗೆ ಅಡಗಿದ್ದ ಕಬ್ಬಿಣ ಹೊರಗೆ ಬರುತ್ತದೆ. ಪಕ್ಕದಲ್ಲಿ ಓರೆ ಏಟು, ಹೈಡ್ರೋಜನ್ ಉಳಿಯುತ್ತದೆ, ಬರೀ ಕಾದು ಹೊಳೆಯುತ್ತದೆ.

2013ರಲ್ಲಿ ಚಿಲಿಯ ಜೆಮಿನಿ ದೂರದರ್ಶಕದವರು, ಆಕಾಶಕ್ಕೆ ಲೇಸರ್ ಬಿಟ್ಟು ಗಾಳಿಯ ನಡುಕವನ್ನು ಸರಿಪಡಿಸಿ ತೆಗೆದ ಚಿತ್ರ ಹೊರಗೆ ಬಂತು. ತುದಿಗಳಿಗೆ ನೀಲಿ, ಬಾಲಗಳಿಗೆ ಕಿತ್ತಳೆ ಬಣ್ಣ ಕೊಟ್ಟಿದ್ದರು. ನಮ್ಮ ಹುಡುಗಿಯ ಪೋಸ್ಟರಿನಲ್ಲಿ ತುದಿ ಬಾಲ ಎರಡೂ ಒಂದೇ ಬಣ್ಣ. ಅವಳು ಇಳಿಸಿಕೊಂಡದ್ದು ಒಂದೇ ಫಿಲ್ಟರಿನ ಚಿತ್ರ. ಅರ್ಧ ಕಥೆ ಅಲ್ಲೇ ತಪ್ಪಿಹೋಗಿತ್ತು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ತೆಗೆದು 2023ರಲ್ಲಿ ಹೊರಗೆ ಬಂದ ಚಿತ್ರ ತೋರಿಸಿದೆ. ಸುಮಾರು ಹೊತ್ತು ಅವಳು ಮಾತೇ ಆಡಲಿಲ್ಲ, ಮೊಬೈಲ್ ಪರದೆಯನ್ನು ಎರಡು ಬೆರಳಲ್ಲಿ ಅಗಲಿಸುತ್ತಾ ಕೂತಳು.

ಇನ್ನೊಂದು ಮಾತು. ಇಂಥ ಅವಕೆಂಪು ಚಿತ್ರ ನಮ್ಮ ಕರಾವಳಿಯಿಂದ ತೆಗೆಯುವುದು ಆಗದ ಮಾತು. ಗಾಳಿಯ ನೀರಾವಿ ಅವಕೆಂಪನ್ನು ಹೀರಿಬಿಡುತ್ತದೆ. ನಮ್ಮಲ್ಲಿ ನೀರಾವಿಗೇನು ಕೊರತೆ? ಅದಕ್ಕೇ ಭಾರತದ ಎರಡು ಮೀಟರ್‌ನ ಚಂದ್ರ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿದೆ, 4,500 ಮೀಟರ್ ಎತ್ತರದ ಒಣ ಮರುಭೂಮಿಯಲ್ಲಿ. ಆದರೆ ಅದನ್ನು ತಿರುಗಿಸುವವರು ಕೂರುವುದು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ, ಉಪಗ್ರಹದ ಸಂಪರ್ಕದ ಮೇಲೆ. ಇದನ್ನು ಕೇಳಿ ಅವಳ ಕಣ್ಣು ಸ್ವಲ್ಪ ದೊಡ್ಡದಾಯಿತು. ಹೊಸಕೋಟೆಗೆ ರಾತ್ರಿ ಬಸ್ಸಲ್ಲಿ ಹೋಗಬಹುದು ಅಲ್ವಾ.

ಎಲ್ಲಿಂದ, ಯಾವಾಗಿನಿಂದ

ಉಳಿದದ್ದು ಮೂರನೇ ಪ್ರಶ್ನೆ. ಹಿಗ್ಗುತ್ತಿದೆ ಎನ್ನುವುದು ಅವಳ ಸಾಲಿನಲ್ಲಿ ಸರಿಯಾಗಿದ್ದ ಒಂದೇ ಪದ. ಆದರೆ ಎಲ್ಲಿಂದ?

ಪೋಸ್ಟರನ್ನು ನೆಲಕ್ಕೆ ಹಾಸಿ, ಅಡಿಕೆ ತೂಕದ ಕಲ್ಲನ್ನು ನಾಲ್ಕು ಮೂಲೆಗೆ ಇಟ್ಟು, ಸ್ಕೇಲಿನಿಂದ ಪ್ರತಿ ಬೆರಳನ್ನೂ ಹಿಂದಕ್ಕೆ ಎಳೆಯಲು ಹೇಳಿದೆ. ಏಳೆಂಟು ಗೆರೆ ಎಳೆಯುವಷ್ಟರಲ್ಲಿ ಅವೆಲ್ಲ ಹೆಚ್ಚು ಕಡಿಮೆ ಒಂದೇ ಕಡೆ ಸೇರುತ್ತಿದ್ದವು. ಟ್ರಪೀಜಿಯಂನಲ್ಲಿ ಅಲ್ಲ. ಅದರ ವಾಯವ್ಯಕ್ಕೆ, ಸುಮಾರು ಒಂದು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಆಚೆ. ಬರಿಗಣ್ಣಿಗೆ, ಸಾಧಾರಣ ದೂರದರ್ಶಕಕ್ಕೆ ಅಲ್ಲಿ ಏನೂ ಇಲ್ಲ. 1967ರಲ್ಲಿ ಬೆಕ್ಲಿನ್ ಮತ್ತು ನ್ಯೂಗೆಬವರ್ ಅವಕೆಂಪಿನಲ್ಲಿ ನೋಡಿ ಅಲ್ಲೊಂದು ಪ್ರಖರ ಚುಕ್ಕಿ ಹಿಡಿದರು. ಅವರ ಹೆಸರಿನ ಮೊದಲ ಅಕ್ಷರದಿಂದ ಅದಕ್ಕೆ ಬಿಎನ್ ಅಂತ ಕರೆಯುತ್ತಾರೆ. ಅದೇ ವರ್ಷ ಕ್ಲೈನ್‌ಮನ್ ಮತ್ತು ಲೋ ಅದರ ಪಕ್ಕದಲ್ಲೇ ಅವಕೆಂಪಿನ ಒಂದು ಮಬ್ಬು ಹರವನ್ನೂ ಕಂಡರು.

ಈಗ ಗೊತ್ತಿರುವುದು ಇದು. ಬಿಎನ್ ಸೂರ್ಯನ ಸುಮಾರು ಹತ್ತು ಪಟ್ಟು ಭಾರದ ನಕ್ಷತ್ರ, ಸೆಕೆಂಡಿಗೆ ಸುಮಾರು 26 ಕಿ.ಮೀ. ವೇಗದಲ್ಲಿ ಒಂದು ಕಡೆ ಓಡುತ್ತಿದೆ. ‘ಐ’ ಅಂತ ಕರೆಯುವ ಇನ್ನೊಂದು, ಹೆಚ್ಚು ಕಡಿಮೆ ಎದುರು ದಿಕ್ಕಿಗೆ. 2005ರಲ್ಲಿ ರೇಡಿಯೋ ಅಳತೆಗಳು ಇವೆರಡನ್ನು ಹಿಡಿದವು. 2017ರಲ್ಲಿ ಹಬಲ್ ಚಿತ್ರಗಳಿಂದ ‘ಎಕ್ಸ್’ ಎಂಬ ಮೂರನೆಯದೂ ಸಿಕ್ಕಿತು, ಸೆಕೆಂಡಿಗೆ ಸುಮಾರು 55 ಕಿ.ಮೀ. ಮೂರನ್ನೂ ಹಿಂದಕ್ಕೆ ನಡೆಸಿದರೆ ಒಂದೇ ಜಾಗ. ಹುಟ್ಟುತ್ತಿದ್ದ ನಕ್ಷತ್ರಗಳು ಒಂದಕ್ಕೊಂದು ತೀರಾ ಹತ್ತಿರ ಬಂದು, ಎರಡು ಬಿಗಿಯಾಗಿ ಜೋಡಿಯಾಗಿ ಅಥವಾ ಒಂದಾಗಿ, ಆ ಹೊತ್ತಿಗೆ ಬಿಡುಗಡೆಯಾದ ಶಕ್ತಿ ಉಳಿದವನ್ನೂ ಸುತ್ತಲಿನ ಅನಿಲವನ್ನೂ ಎಸೆದಿದೆ ಅನ್ನುವುದು ಈಗಿನ ವಿವರಣೆ. ಸೂಪರ್‌ನೋವಾ ಅಲ್ಲ. ಅದಕ್ಕೆ ಹೋಲಿಸಿದರೆ ಶಕ್ತಿ ಸಾವಿರದಲ್ಲಿ ಒಂದು ಪಾಲು, ಇಲ್ಲಾ ಇನ್ನೂ ಕಡಿಮೆ. ಅದು ಬಾಂಬಾದರೆ ಇದು ಜಾತ್ರೆಯ ಗರ್ನಾಲು.

2017ರಲ್ಲಿ ಚಿಲಿಯ ಅಲ್ಮಾ ರೇಡಿಯೋ ದೂರದರ್ಶಕ ಕಾರ್ಬನ್ ಮೊನಾಕ್ಸೈಡಿನಲ್ಲಿ ನೋಡಿದಾಗ ಇಂಥ ನೂರಕ್ಕೂ ಹೆಚ್ಚು ಎಳೆಗಳು ಎಲ್ಲ ದಿಕ್ಕಿಗೂ ಹರಡಿದ್ದವು. ಪ್ರತಿ ಎಳೆಯಲ್ಲೂ ಕೇಂದ್ರದಿಂದ ದೂರ ಹೋದಷ್ಟೂ ವೇಗ ಜಾಸ್ತಿ, ಅದೇ ಅನುಪಾತದಲ್ಲಿ. ನನ್ನ ಮಟ್ಟಿಗೆ ಇದೇ ದೊಡ್ಡ ಸಾಕ್ಷಿ. ವರ್ಷಗಟ್ಟಲೆ ಸುರಿಯುವ ನಲ್ಲಿಯಲ್ಲಿ ಹೀಗಾಗುವುದಿಲ್ಲ. ಎಲ್ಲ ಒಟ್ಟಿಗೇ ಹೊರಟು, ಜೋರಾಗಿ ಹೊರಟದ್ದು ಮುಂದೆ, ಮೆಲ್ಲಗೆ ಹೊರಟದ್ದು ಹಿಂದೆ ಉಳಿದಿದ್ದರೆ ಮಾತ್ರ ಆಗುತ್ತದೆ.

ಮೂರನೇ ರಾತ್ರಿ ಲೆಕ್ಕ. ಒಂದು ಬೆರಳಿನ ತುದಿ ಸೆಕೆಂಡಿಗೆ 300 ಕಿ.ಮೀ. ಹೋಗುತ್ತಿದೆ ಅಂತ ಇಟ್ಟುಕೊಂಡೆವು. ಕಾರವಾರದಿಂದ ಮಂಗಳೂರಿಗೆ ಒಂದು ಸೆಕೆಂಡ್ ಸಾಕು. ಆದರೂ ಅಷ್ಟು ದೂರದಿಂದ ನಮಗೆ ಅದು ವರ್ಷಕ್ಕೆ 0.15 ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟಿನ ಅರವತ್ತರಲ್ಲಿ ಒಂದು ಪಾಲು) ಮಾತ್ರ ಸರಿದಂತೆ ಕಾಣುತ್ತದೆ. ಟಾಗೋರ್ ಬೀಚಿನಲ್ಲಿ ನಿಂತು, ಕಡಲಲ್ಲಿ ಎರಡು ಕಿ.ಮೀ. ಆಚೆಯ ದೋಣಿ ಒಂದೂವರೆ ಮಿಲಿಮೀಟರ್ ಸರಿದದ್ದನ್ನು ನೋಡಿದ ಹಾಗೆ. ಇಪ್ಪತ್ತು ವರ್ಷ ಕಾದರೆ 3 ಆರ್ಕ್‌ಸೆಕೆಂಡ್. ಅಷ್ಟನ್ನು ಒಳ್ಳೆಯ ದೂರದರ್ಶಕಗಳು ಆರಾಮಾಗಿ ಅಳೆಯುತ್ತವೆ.

ತುದಿ ಕೇಂದ್ರದಿಂದ 100 ಆರ್ಕ್‌ಸೆಕೆಂಡ್ ದೂರ ಇದೆ ಅಂದುಕೊಂಡರೆ, ಭಾಗಿಸು. ಅವಳಿಗೆ ಬಂದದ್ದು 667 ವರ್ಷ.

“ಮಾವ, ಇಲ್ಲಿ 550 ಅಂತ ಇದ್ದು. ನಂದು ತಪ್ಪಾತು.”

“ತಪ್ಪಾಗಿಲ್ಲ ಕೂಸೇ. ಬೋಟಿನ ಇಂಜಿನ್ ಆಫ್ ಮಾಡಿದ ಮೇಲೆ ಎಂತ ಆಗ್ತು?”

ನಿಧಾನ ಆಗುತ್ತದೆ. ಅವಳು ಇವತ್ತಿನ ವೇಗವನ್ನೇ ಉದ್ದಕ್ಕೂ ಹಿಡಿದಿದ್ದಳು. ಬೆರಳಿನ ತುದಿಗಳು ಮೋಡವನ್ನು ಸೀಳಿಕೊಂಡು ಹೋಗುತ್ತಾ ವೇಗ ಕಳೆದುಕೊಂಡಿವೆ. ಮೊದಲು ಇನ್ನೂ ಜೋರಾಗಿದ್ದವು, ಹಾಗಾಗಿ ನಿಜವಾಗಿ ಹಿಡಿದ ಕಾಲ ಕಡಿಮೆ. ಈ ನಿಧಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಳೆದವರಿಗೆ ಸಾವಿರ ವರ್ಷದವರೆಗೂ ಬಂದಿತ್ತು. ನಕ್ಷತ್ರಗಳ ವಿಷಯ ಹಾಗಲ್ಲ. ಅಷ್ಟು ಭಾರದ ವಸ್ತುವನ್ನು ಅನಿಲ ತಡೆಯಲಾರದು. ಅವು ನಂಬಬಹುದಾದ ಗಡಿಯಾರ. ಬಿಎನ್ ಮತ್ತು ಐ ಎರಡರ ಓಟದಿಂದ ಹಿಂದೆ ಲೆಕ್ಕ ಹಾಕಿದರೆ ನಮ್ಮ ಆಕಾಶದಲ್ಲಿ ಆ ಸ್ಫೋಟದ ಇಸವಿ 1475ರ ಆಸುಪಾಸಿಗೆ ಬರುತ್ತದೆ.

ಕೃಷ್ಣದೇವರಾಯ ಆಗ ನಾಲ್ಕು ವರ್ಷದ ಹುಡುಗ. ಕಾರವಾರದ ಎದುರಿನ ಅಂಜದೀವದಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲು ಇನ್ನೂ ಮೂವತ್ತು ವರ್ಷ ಇತ್ತು. ಅಷ್ಟು ದೊಡ್ಡ ಸ್ಫೋಟದ ಬೆಳಕು ನಮ್ಮ ತಲೆಯ ಮೇಲೆ ಬಂದರೂ ಧೂಳಿನ ಆಚೆಗಿನದು ಯಾರ ಕಣ್ಣಿಗೆ ಬೀಳಬೇಕು? ಅಸಲಿಗೆ ಅದು ನಡೆದದ್ದು ಅದಕ್ಕೂ 1,350 ವರ್ಷ ಹಿಂದೆ. ಬನವಾಸಿಯಲ್ಲಿ ಕದಂಬರು ಇನ್ನೂ ಬಂದಿರಲಿಲ್ಲ.

ಪೋಸ್ಟರು ಹೊಸದಾಗಿ ಮಾಡಲು ಅವಳಿಗೆ ಮನಸ್ಸಿರಲಿಲ್ಲ. ಪ್ರದರ್ಶನ ಮುಗಿದು ಹೋಗಿತ್ತಲ್ಲ. ಒಂದು ಬಿಳಿ ಹಾಳೆಯ ಪಟ್ಟಿ ಕತ್ತರಿಸಿ, ಅನ್ನದ ಅಂಟು ಹಚ್ಚಿ, ಹಳೆಯ ಸಾಲಿನ ಮೇಲೆ ಅಂಟಿಸಿದಳು. ಎಡ ಚಿತ್ರಕ್ಕೆ ಬೇರೆ, ಬಲ ಚಿತ್ರಕ್ಕೆ ಬೇರೆ. ಬಲದ್ದರಲ್ಲಿ ಈಗ ಹೀಗಿದೆ: ‘ಟ್ರಪೀಜಿಯಂನ ಹಿಂದಿನ ಮೋಡದಲ್ಲಿ ನಕ್ಷತ್ರಗಳು ಒಂದಕ್ಕೊಂದು ಹತ್ತಿರ ಬಂದು ಚದುರಿದಾಗ ಎಸೆದ ಅನಿಲ, ಸುತ್ತಲಿನ ಹೈಡ್ರೋಜನ್ ಅಣುಗಳನ್ನು ಗುದ್ದಿ ಕಾಯಿಸಿದ್ದರಿಂದ ಹೊಳೆಯುತ್ತಿದೆ. ಇದು ನಮಗೆ ಕಾಣುವಂತೆ ಶುರುವಾಗಿ ಸುಮಾರು 550 ವರ್ಷ.’

ಎಲ್ಲ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾಳೆ. 550 ಮಾತ್ರ ಪೆನ್ಸಿಲ್‌ನಲ್ಲಿ.